ರಸ್ತೆ ಗುಂಡಿ ಕೌಂಟಿಗೆ, ಕಸದ ಡಬ್ಬಿ ಡಿಸ್ಟ್ರಿಕ್ಟ್‌ಗೆ: ಇಂಗ್ಲೆಂಡಿನ ಹಳ್ಳಿಯಲ್ಲಿ ಯಾರನ್ನು ಕೇಳಬೇಕು?

ಕೆಲಸಕ್ಕೆಂದು ಕೇಂಬ್ರಿಡ್ಜ್‌ಗೆ ಹೋದ ಕನ್ನಡಿಗರಲ್ಲಿ ಎಷ್ಟೋ ಮಂದಿ ನಗರದ ಬಾಡಿಗೆ ನೋಡಿ ಸುತ್ತಲಿನ ಊರುಗಳಲ್ಲಿ ಮನೆ ಹಿಡಿಯುತ್ತಾರೆ. ಕ್ಯಾಂಬೋರ್ನ್, ನಾರ್ತ್‌ಸ್ಟೋ, ಹಿಸ್ಟನ್, ಸಾಸ್ಟನ್. ಪೆಟ್ಟಿಗೆ ಬಿಚ್ಚುವಷ್ಟರಲ್ಲಿ ಮೊದಲ ಪ್ರಶ್ನೆ ಏಳುತ್ತದೆ: ‘ಇಲ್ಲಿ ನಮ್ಮ ಮುನ್ಸಿಪಾಲಿಟಿ ಯಾವುದು?’ ಒಂದೇ ಹೆಸರು ಹೇಳಲಾಗುವುದಿಲ್ಲ. ಕಸಕ್ಕೆ ಒಬ್ಬರು, ರಸ್ತೆಗೆ ಇನ್ನೊಬ್ಬರು, ಬಸ್ಸಿಗೆ ಮತ್ತೊಬ್ಬರು, ಆಟದ ಮೈದಾನದ ಜೋಕಾಲಿಗೆ ಬೇರೊಬ್ಬರು. ಈ ಊರುಗಳೆಲ್ಲ ಸೇರಿರುವ ಸೌತ್ ಕೇಂಬ್ರಿಡ್ಜ್‌ಶೈರ್ ಡಿಸ್ಟ್ರಿಕ್ಟನ್ನೇ ಉದಾಹರಣೆಯಾಗಿ ಹಿಡಿದು ಈ ಏರ್ಪಾಡನ್ನು ಬಿಡಿಸಿ ನೋಡೋಣ.

ಮೊದಲ ಹೆಜ್ಜೆ: ‘ಜಿಲ್ಲೆ’ ಎಂಬ ಪದ ಬದಿಗಿಡಿ

ನಿಘಂಟಿನಲ್ಲಿ ಡಿಸ್ಟ್ರಿಕ್ಟ್ ಅಂದರೆ ಜಿಲ್ಲೆ. ಆದರೆ ಅಲ್ಲಿನ ಡಿಸ್ಟ್ರಿಕ್ಟ್‌ನಲ್ಲಿ ಜಿಲ್ಲಾಧಿಕಾರಿ ಇಲ್ಲ, ತಹಸೀಲ್ದಾರರೂ ಇಲ್ಲ. ಜನ ಆರಿಸಿದ ಕೌನ್ಸಿಲ್ಲೇ ಎಲ್ಲ. ಸೌತ್ ಕೇಂಬ್ರಿಡ್ಜ್‌ಶೈರ್‌ನಲ್ಲಿ 45 ಕೌನ್ಸಿಲರ್‌ಗಳು, ಸುಮಾರು 900 ಚದರ ಕಿಲೋಮೀಟರ್ ನೆಲ, 2021ರ ಜನಗಣತಿಯ ಪ್ರಕಾರ 1.6 ಲಕ್ಷದಷ್ಟು ಜನ. ನಮ್ಮ ಲೆಕ್ಕದಲ್ಲಿ ಅದೊಂದು ತಾಲ್ಲೂಕು. ಅದರ ಮೇಲಿರುವ ಕೌಂಟಿಯೇ ನಮ್ಮ ಜಿಲ್ಲೆಗೆ ಹತ್ತಿರ. ಕೆಳಗಿರುವ ಪ್ಯಾರಿಷ್ ನಮ್ಮ ಗ್ರಾಮ ಪಂಚಾಯಿತಿಯನ್ನು ಹೋಲುತ್ತದೆ, ಅಧಿಕಾರ ಮಾತ್ರ ಇನ್ನೂ ಕಡಿಮೆ. ಇಂಥ ಪ್ಯಾರಿಷ್‌ಗಳು ಈ ಒಂದೇ ಡಿಸ್ಟ್ರಿಕ್ಟ್‌ನಲ್ಲಿ ನೂರಕ್ಕೂ ಹೆಚ್ಚಿವೆ.

1972ರ ಸ್ಥಳೀಯ ಆಡಳಿತ ಕಾಯ್ದೆಯಂತೆ, ಚೆಸ್ಟರ್ಟನ್ ಮತ್ತು ಸೌತ್ ಕೇಂಬ್ರಿಡ್ಜ್‌ಶೈರ್ ಎಂಬ ಎರಡು ಗ್ರಾಮೀಣ ಡಿಸ್ಟ್ರಿಕ್ಟ್‌ಗಳನ್ನು ಸೇರಿಸಿ 1974ರ ಏಪ್ರಿಲ್ 1ರಂದು ಈಗಿನ ಡಿಸ್ಟ್ರಿಕ್ಟ್ ಮಾಡಿದರು. ನಕ್ಷೆಯಲ್ಲಿ ಇದರ ಆಕಾರ ಉದ್ದಿನ ವಡೆಯಂತಿದೆ. ನಡುವಿನ ತೂತೇ ಕೇಂಬ್ರಿಡ್ಜ್ ನಗರ, ಅದು ಬೇರೆಯೇ ಡಿಸ್ಟ್ರಿಕ್ಟ್. ಹೀಗಾಗಿ ವಡೆಯ ಆಡಳಿತ ಕಚೇರಿ ಬಹಳ ಕಾಲ ತೂತಿನೊಳಗೆ, ಕೇಂಬ್ರಿಡ್ಜ್‌ನ ಹಿಲ್ಸ್ ರೋಡಿನಲ್ಲಿತ್ತು. 2004ರಲ್ಲಿ ಕ್ಯಾಂಬೋರ್ನ್‌ಗೆ ಬಂತು. ಕೌಂಟಿ ಕೌನ್ಸಿಲ್ಲಿನ ಮುಖ್ಯ ಕಚೇರಿಯೂ ಈಗ ಕೇಂಬ್ರಿಡ್ಜ್‌ನಲ್ಲಿಲ್ಲ. 2021ರಲ್ಲಿ ಅದು ಹಂಟಿಂಗ್ಡನ್ ಕಡೆಯ ಆಲ್ಕನ್‌ಬರಿಗೆ ಹೋಯಿತು. ಹಳೆಯ ವಿಳಾಸ ನಂಬಿ ಕ್ಯಾಸಲ್ ಹಿಲ್ ಹತ್ತಬೇಡಿ.

ಎರಡನೆಯದು: ಕಾಲ ಕೆಳಗಿನ ನೆಲ ನೋಡಿ

ಈ ಹೆಜ್ಜೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನನಗೆ ಇದೇ ಮುಖ್ಯ ಅನಿಸುತ್ತದೆ. ನೆಲ ಎಂಥದು ಅಂತ ತಿಳಿದರೆ ಅಲ್ಲಿ ಇಷ್ಟೊಂದು ಕಚೇರಿಗಳು ಯಾಕಿವೆ ಅನ್ನುವುದು ತಾನಾಗಿ ತಿಳಿಯುತ್ತದೆ. ಬ್ರಿಟನ್ನಿನ ನಕ್ಷೆ ತಯಾರಿಸುವ ಸರ್ಕಾರಿ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯವರ ಎಕ್ಸ್‌ಪ್ಲೋರರ್ ಮಾಲೆಯ 209ನೇ ನಕ್ಷೆ ಕೊಂಡು ಮೇಜಿನ ಮೇಲೆ ಹರಡಿ. ಡಿಸ್ಟ್ರಿಕ್ಟ್‌ನ ದಕ್ಷಿಣ ಭಾಗ ಅದರಲ್ಲಿದೆ. ಸಾಲು ಚುಕ್ಕಿಗಳಲ್ಲಿ ಪ್ಯಾರಿಷ್ ಗಡಿಗಳೂ ಕಾಣುತ್ತವೆ.

ದಕ್ಷಿಣಕ್ಕೆ ಸುಣ್ಣಕಲ್ಲಿನ ಮೆದು ದಿಬ್ಬಗಳು. ಗ್ರೇಟ್ ಚಿಶಿಲ್ ಹಳ್ಳಿಯ ಹತ್ತಿರ 146 ಮೀಟರ್ ಎತ್ತರ, ಇಡೀ ಕೌಂಟಿಗೇ ಅದು ತುದಿ. (ಆ ಹಳ್ಳಿ 1895ರವರೆಗೆ ಎಸೆಕ್ಸ್ ಕೌಂಟಿಯಲ್ಲಿತ್ತು. ಗಡಿಗಳು ಅಲ್ಲೂ ಸರಿದಾಡಿವೆ.) ಪಶ್ಚಿಮಕ್ಕೆ, ಕ್ಯಾಂಬೋರ್ನ್ ಕಡೆ, ಮಳೆ ಬಂದರೆ ಬೂಟಿಗೆ ಮೆತ್ತಿಕೊಳ್ಳುವ ಜೇಡಿಮಣ್ಣು. ಉತ್ತರಕ್ಕೆ ಹೋದಂತೆ ನೆಲ ಇಳಿದು ಕಾಟನಮ್, ವಿಲ್ಲಿಂಗಮ್, ಸ್ವೇವ್‌ಸಿ, ಓವರ್ ಹಳ್ಳಿಗಳ ಬಳಿ ಫೆನ್ ಶುರುವಾಗುತ್ತದೆ. ಒಂದು ಕಾಲಕ್ಕೆ ಜೌಗು, ಈಗ ಕಾಲುವೆ ತೋಡಿ ನೀರು ಬಸಿದು ಉಳುವ ಕರಿಮಣ್ಣು. ಸಮುದ್ರಮಟ್ಟಕ್ಕಿಂತ ಕೆಲವೇ ಮೀಟರ್ ಮೇಲೆ.

ಸುಣ್ಣಕಲ್ಲು ಮಳೆನೀರನ್ನು ಹೀರಿ ಒಳಗಿಟ್ಟುಕೊಳ್ಳುತ್ತದೆ. ಅದು ಬುಗ್ಗೆಯಾಗಿ ಹೊರಬರುವುದನ್ನು ಕಣ್ಣಾರೆ ನೋಡಬೇಕೆಂದರೆ ಗ್ರೇಟ್ ಶೆಲ್ಫರ್ಡ್‌ನ ನೈನ್ ವೆಲ್ಸ್‌ಗೆ ಹೋಗಿ. ಮರಗಳ ನೆರಳಲ್ಲಿ, ಬಿಳಿ ತಳದ ಮೇಲೆ, ಗಾಜಿನಷ್ಟು ತಿಳಿಯಾದ ನೀರು ಸದ್ದಿಲ್ಲದೆ ಜಿನುಗುತ್ತಿರುತ್ತದೆ. 1610ರಲ್ಲಿ ತೋಡಿದ ಕಾಲುವೆಯೊಂದು ಈ ನೀರನ್ನು ಕೇಂಬ್ರಿಡ್ಜ್ ಪೇಟೆಗೆ ಒಯ್ದಿತು. ಹಾಬ್ಸನ್ ಕಾಲುವೆ ಎನ್ನುತ್ತಾರೆ, ಇಂದಿಗೂ ಟ್ರಂಪಿಂಗ್ಟನ್ ಸ್ಟ್ರೀಟಿನ ಎರಡೂ ಬದಿ ಆ ನೀರು ಹರಿಯುವುದನ್ನು ನೋಡಬಹುದು. ಬುಗ್ಗೆ ಒಂದು ಡಿಸ್ಟ್ರಿಕ್ಟ್‌ನಲ್ಲಿ, ನೀರು ಕಂಡವರು ಇನ್ನೊಂದು ಡಿಸ್ಟ್ರಿಕ್ಟ್‌ನಲ್ಲಿ. ಇಂದು ಕೇಂಬ್ರಿಡ್ಜ್ ಸುತ್ತ ಹೊಸ ಮನೆಗಳ ಮಾತು ಬಂದಾಗಲೆಲ್ಲ ನೀರಿನ ಮಾತು ಬರುವುದು ಇದಕ್ಕೇ. ಕುಡಿಯುವ ನೀರು ಅದೇ ಸುಣ್ಣಕಲ್ಲಿನ ಹೊಟ್ಟೆಯಿಂದ ಬರಬೇಕು, ಅಲ್ಲಿಂದ ಅತಿಯಾಗಿ ಎತ್ತಿದರೆ ಹೊಳೆಗಳು ಸೊರಗುತ್ತವೆ.

ಈಗ ಉತ್ತರದ ಕಡೆ ನಿಮ್ಮ ಮನೆ ಹಿಂದಿನ ಹಳ್ಳ ಕಟ್ಟಿಕೊಂಡಿತು ಅನ್ನಿ. ಯಾರನ್ನು ಕರೆಯುವುದು? ಕ್ಯಾಮ್, ಗ್ರೇಟ್ ಊಸ್‌ನಂಥ ಮುಖ್ಯ ನದಿಯಾದರೆ ಎನ್ವಿರಾನ್ಮೆಂಟ್ ಏಜೆನ್ಸಿ. ಫೆನ್ ಬಸಿಗಾಲುವೆಯಾದರೆ ಸ್ವೇವ್‌ಸಿ ಅಥವಾ ಓಲ್ಡ್ ವೆಸ್ಟ್‌ನಂಥ ಡ್ರೈನೇಜ್ ಬೋರ್ಡ್. ‘ಅವಾರ್ಡ್ ಡ್ರೈನ್’ ಆದರೆ ಡಿಸ್ಟ್ರಿಕ್ಟ್ ಕೌನ್ಸಿಲ್. ಈ ಅವಾರ್ಡ್ ಎಂಬುದು ಬಹುಮಾನವಲ್ಲ. ಹದಿನೆಂಟು, ಹತ್ತೊಂಬತ್ತನೇ ಶತಮಾನಗಳಲ್ಲಿ ಊರ ಬಯಲುಗಳನ್ನು ಬೇಲಿ ಹಾಕಿ ಹಂಚಿದಾಗ, ಯಾವ ಹಳ್ಳವನ್ನು ಯಾರು ಕಾಯಬೇಕು ಎಂದು ಬರೆದಿಟ್ಟ ತೀರ್ಪು ಅದು. ಆ ಹಳೆಯ ಕಾಗದದ ಹೊಣೆ ಇಂದಿನ ಕೌನ್ಸಿಲ್ಲಿನ ಹೆಗಲ ಮೇಲಿದೆ. ಈ ಮೂರೂ ಅಲ್ಲದಿದ್ದರೆ ಹಳ್ಳ ಪಕ್ಕದ ಜಮೀನಿನವರದು, ಅಂದರೆ ನಿಮ್ಮದೇ ಇರಬಹುದು. ಹಿತ್ತಿಲಿಗೆ ತಾಗಿ ಹಳ್ಳವಿರುವ ಮನೆ ಕೊಳ್ಳುವವರು ವಕೀಲರ ಬಳಿ ಇದನ್ನು ಕೇಳಿಯೇ ಸಹಿ ಹಾಕಿ.

ಮೂರನೆಯದು: ಅಂಚೆ ವಿಳಾಸ ನೋಡಿ ಮೋಸಹೋಗಬೇಡಿ

ಮೆಲ್ಬರ್ನ್ ಹಳ್ಳಿಯ ವಿಳಾಸದಲ್ಲಿ ರಾಯ್‌ಸ್ಟನ್ ಎಂದಿರುತ್ತದೆ. ರಾಯ್‌ಸ್ಟನ್ ಇರುವುದು ಹರ್ಟ್‌ಫರ್ಡ್‌ಶೈರ್‌ನಲ್ಲಿ, ಮೆಲ್ಬರ್ನ್ ಮಾತ್ರ ಸೌತ್ ಕೇಂಬ್ರಿಡ್ಜ್‌ಶೈರ್‌ನದು. ಅತ್ತ ‘ಸಿಬಿ’ ಎಂದು ಶುರುವಾಗುವ ಪಿನ್‌ಕೋಡ್ ಇದ್ದಮಾತ್ರಕ್ಕೆ ಕೇಂಬ್ರಿಡ್ಜ್‌ಶೈರ್ ಆಗಬೇಕಿಲ್ಲ. ಎಸೆಕ್ಸ್‌ನ ಸ್ಯಾಫ್ರನ್ ವಾಲ್ಡನ್, ಸಫಕ್‌ನ ಹೇವರಿಲ್ ಎರಡಕ್ಕೂ ಅದೇ ಅಕ್ಷರ. ಸರ್ಕಾರದ ಜಾಲತಾಣದಲ್ಲಿ ಪೂರ್ತಿ ಪಿನ್‌ಕೋಡ್ ಹಾಕಿದರೆ ನಿಮ್ಮ ಕೌನ್ಸಿಲ್‌ಗಳ ಹೆಸರು ಬರುತ್ತದೆ. ನಗರದಂಚಿನ ಹೊಸ ಬಡಾವಣೆಗಳಲ್ಲಿ ಇನ್ನೂ ಎಚ್ಚರ ಬೇಕು. ಟ್ರಂಪಿಂಗ್ಟನ್ ಮೆಡೋಸ್ ಬಡಾವಣೆಯ ಮಧ್ಯೆಯೇ ಗಡಿ ಹಾಯುತ್ತದೆ. ಪಕ್ಕದ ಬೀದಿಯವರು ನಗರಕ್ಕೆ, ನೀವು ಡಿಸ್ಟ್ರಿಕ್ಟ್‌ಗೆ ಸೇರಿರಬಹುದು.

ಸಂಸದರ ಕ್ಷೇತ್ರದ ಗಡಿಯೂ ಬೇರೆಯೇ. 2024ರ ಚುನಾವಣೆಯಿಂದ ಕ್ಯಾಂಬೋರ್ನ್ ಇರುವುದು ಸೇಂಟ್ ನಿಯೋಟ್ಸ್ ಅಂಡ್ ಮಿಡ್ ಕೇಂಬ್ರಿಡ್ಜ್‌ಶೈರ್ ಕ್ಷೇತ್ರದಲ್ಲಿ.

ನಾಲ್ಕನೆಯದು: ತೆರಿಗೆ ಬಿಲ್ಲನ್ನು ಸಾಲು ಸಾಲಾಗಿ ಓದಿ

ಮಾರ್ಚ್ ತಿಂಗಳಲ್ಲಿ ಕೌನ್ಸಿಲ್ ಟ್ಯಾಕ್ಸ್ ಬಿಲ್ ಬರುತ್ತದೆ. ಒಟ್ಟು ಮೊತ್ತ ನೋಡಿ ಮಡಚಿಡಬೇಡಿ. ನಿಮ್ಮನ್ನು ಆಳುವವರೆಲ್ಲರ ಪಟ್ಟಿ ಆ ಒಂದೇ ಹಾಳೆಯಲ್ಲಿದೆ: ಕೌಂಟಿ, ಡಿಸ್ಟ್ರಿಕ್ಟ್, ಪೊಲೀಸ್, ಅಗ್ನಿಶಾಮಕ, ಮೇಯರ್ ಇರುವ ಕಂಬೈನ್ಡ್ ಅಥಾರಿಟಿ (ಹಲವು ಕೌನ್ಸಿಲ್‌ಗಳು ಸೇರಿದ ಕೂಟ, ಬಸ್ಸಿನ ಹೊಣೆ ಇದರದು), ಕೊನೆಗೆ ನಿಮ್ಮ ಪ್ಯಾರಿಷ್. ವಸೂಲು ಮಾಡುವುದು ಡಿಸ್ಟ್ರಿಕ್ಟ್, ಆದರೆ ಸಿಂಹಪಾಲು ಹೋಗುವುದು ಕೌಂಟಿಗೆ. ವೃದ್ಧರ, ಅಂಗವಿಕಲರ ಆರೈಕೆಯಂಥ ಭಾರಿ ಖರ್ಚಿನ ಕೆಲಸ ಕೌಂಟಿಯದು.

ಬಿಲ್ಲಿನ ಮೇಲೆ ‘ಎ’ಯಿಂದ ‘ಎಚ್’ವರೆಗಿನ ಒಂದು ಅಕ್ಷರ ಇರುತ್ತದೆ. ಅದು ಮನೆಯ ದರ್ಜೆ, 1991ರ ಏಪ್ರಿಲ್ 1ರ ಬೆಲೆಯ ಲೆಕ್ಕದಲ್ಲಿ ಗೊತ್ತಾದದ್ದು. ನಿನ್ನೆ ಕಟ್ಟಿದ ಮನೆಗೂ ‘ಅಂದು ಇದ್ದಿದ್ದರೆ ಎಷ್ಟಾಗುತ್ತಿತ್ತು’ ಎಂದೇ ಲೆಕ್ಕ. ‘ಡಿ’ ದರ್ಜೆಯವರು ಕಟ್ಟುವುದರ ಮೂರನೇ ಎರಡು ಪಾಲು ‘ಎ’ಯವರಿಗೆ, ಎರಡರಷ್ಟು ‘ಎಚ್’ನವರಿಗೆ. ಮನೆಯಲ್ಲಿ ವಯಸ್ಕರು ಒಬ್ಬರೇ ಇದ್ದರೆ ಶೇ 25 ರಿಯಾಯಿತಿ ಇದೆ, ನೀವಾಗಿ ಅರ್ಜಿ ಹಾಕಬೇಕು. ಎಲ್ಲರೂ ಪೂರ್ಣಾವಧಿ ವಿದ್ಯಾರ್ಥಿಗಳಾದರೆ ತೆರಿಗೆಯೇ ಇಲ್ಲ.

ಇನ್ನು ಯಾವ ಕೆಲಸ ಯಾರದು? ಮನೆ ಮುಂದಿನ ಕಸ ಎತ್ತುವುದು, ಮನೆ ಕಟ್ಟಲು ಅಥವಾ ಹಿಂದೆ ಒಂದು ಕೋಣೆ ಎಳೆಯಲು ಅನುಮತಿ, ಕೌನ್ಸಿಲ್ ಬಾಡಿಗೆಗೆ ಕೊಡುವ ಮನೆಗಳು, ಹೋಟೆಲಿನ ಶುಚಿತ್ವ, ಟ್ಯಾಕ್ಸಿ ಪರವಾನಗಿ, ಮತದಾರರ ಪಟ್ಟಿ ಡಿಸ್ಟ್ರಿಕ್ಟ್‌ನವು. ರಸ್ತೆ, ಶಾಲೆಯ ಸೀಟು, ಗ್ರಂಥಾಲಯ, ಜನನ ಮರಣ ನೋಂದಣಿ ಕೌಂಟಿಯವು. ಕಸದಲ್ಲೇ ಒಂದು ಸೂಕ್ಷ್ಮವಿದೆ: ಡಬ್ಬಿ ಎತ್ತುವವರು ಡಿಸ್ಟ್ರಿಕ್ಟ್, ಎತ್ತಿದ್ದನ್ನು ವಿಲೇವಾರಿ ಮಾಡುವವರು ಕೌಂಟಿ. ರಸ್ತೆಯಲ್ಲೂ ಹಾಗೇ. ಊರೊಳಗಿನ ಗುಂಡಿ ಕೌಂಟಿಗೆ, ಎಂ11, ಎ14ರಂಥ ದೊಡ್ಡ ಹೆದ್ದಾರಿಯ ಗುಂಡಿ ನ್ಯಾಷನಲ್ ಹೈವೇಸ್‌ಗೆ. ಗುಂಡಿಯ ದೂರನ್ನು ಕೌಂಟಿಯ ಜಾಲತಾಣದಲ್ಲಿ ನಕ್ಷೆಯ ಮೇಲೆ ಗುರುತು ಹಾಕಿಯೇ ಕೊಡಬಹುದು. ಆಸ್ಪತ್ರೆ ಇವರ್‍ಯಾರದೂ ಅಲ್ಲ, ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನದು.

ಪಕ್ಕದವರು ಮನೆ ಎತ್ತರಿಸಲು ಅರ್ಜಿ ಹಾಕಿದ್ದಾರೆ ಎಂಬ ಪತ್ರ ಬಂದರೆ ಅಭಿಪ್ರಾಯ ಹೇಳಲು ಸಾಮಾನ್ಯವಾಗಿ 21 ದಿನ ಸಿಗುತ್ತದೆ. ನಿಮಗೆ ಬೆಳಕು ತಪ್ಪುತ್ತದೆ, ಅವರ ಕಿಟಕಿಯಿಂದ ನೇರ ನಿಮ್ಮ ಕೋಣೆ ಕಾಣುತ್ತದೆ, ವಾಹನ ದಟ್ಟಣೆ ಆಗುತ್ತದೆ ಎಂದು ಬರೆದರೆ ಲೆಕ್ಕಕ್ಕೆ ಬರುತ್ತದೆ. ‘ನನ್ನ ಮನೆಯ ಬೆಲೆ ಇಳಿಯುತ್ತದೆ’ ಎಂದರೆ ಬರುವುದಿಲ್ಲ.

ಐದನೆಯದು: ಮತದಾರರ ಪಟ್ಟಿಗೆ ಹೆಸರು ಸೇರಿಸಿ

ಇದನ್ನು ದಯವಿಟ್ಟು ಬಿಡಬೇಡಿ. ಬ್ರಿಟಿಷ್ ಪೌರತ್ವ ಸಿಕ್ಕ ಮೇಲೆ ಮಾತ್ರ ವೋಟು ಎಂದು ನಮ್ಮವರಲ್ಲಿ ಹಲವರು ತಿಳಿದಿದ್ದಾರೆ. ಹಾಗಿಲ್ಲ. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ, ಅಲ್ಲಿ ವಾಸಿಸಲು ಅನುಮತಿ ಇರುವ ಭಾರತೀಯ ಪ್ರಜೆ 18 ತುಂಬಿದ್ದರೆ ಪ್ಯಾರಿಷ್‌ನಿಂದ ಪಾರ್ಲಿಮೆಂಟಿನವರೆಗೆ ಎಲ್ಲ ಚುನಾವಣೆಗಳಲ್ಲಿ ಮತ ಹಾಕಬಹುದು. ಕೆಲಸದ ವೀಸಾದವರು, ಓದಲು ಹೋದವರು, ಜೊತೆಗೆ ಹೋದ ಹೆಂಡತಿ ಅಥವಾ ಗಂಡ, ಎಲ್ಲರಿಗೂ ಈ ಹಕ್ಕಿದೆ. ಆನ್‌ಲೈನ್‌ನಲ್ಲಿ ನೋಂದಣಿ ಮಾಡುವಾಗ ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ ಕೇಳುತ್ತಾರೆ. ಮತದಾನಕ್ಕೆ 12 ಕೆಲಸದ ದಿನಗಳು ಇರುವಾಗಲೇ ಪಟ್ಟಿ ಮುಚ್ಚುತ್ತದೆ, ಕೊನೇ ವಾರದವರೆಗೆ ಕಾಯಬೇಡಿ. 2023ರ ಮೇ ತಿಂಗಳಿಂದ ಮತಗಟ್ಟೆಯಲ್ಲಿ ಫೋಟೊ ಗುರುತು ತೋರಿಸಬೇಕು. ನಿಮ್ಮ ಭಾರತೀಯ ಪಾಸ್‌ಪೋರ್ಟೇ ಸಾಕು. ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಮತಗಟ್ಟೆ ತೆರೆದಿರುತ್ತದೆ, ಕೆಲಸ ಮುಗಿಸಿಯೂ ಹೋಗಬಹುದು.

ಕೌನ್ಸಿಲರ್ ಆಗಲು ನಿಲ್ಲಬೇಕೆಂದರೆ ಕಾಯಂ ವಾಸದ ಅನುಮತಿ ಬೇಕು. ಆ ದಾರಿಯಲ್ಲಿ ನಡೆದವರೂ ಇದ್ದಾರೆ. ಕಲಬುರಗಿ ಕಡೆಯ ನೀರಜ್ ಪಾಟೀಲ್ ಲಂಡನ್ನಿನ ಲ್ಯಾಂಬೆತ್‌ನಲ್ಲಿ ಕೌನ್ಸಿಲರ್ ಆಗಿ, ಮುಂದೆ ಅಲ್ಲಿನ ಮೇಯರ್ ಆದರು. ಥೇಮ್ಸ್ ದಂಡೆಯಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರ ಪ್ರತಿಮೆಯ ಹಿಂದೆ ಇದ್ದವರು ಅವರೇ.

ಆರನೆಯದು: ಪ್ಯಾರಿಷ್ ಸಭೆಗೆ ಒಮ್ಮೆ ಹೋಗಿ

ಹಳ್ಳಿಯ ನಡುವೆ, ಸಾಮಾನ್ಯವಾಗಿ ಬಸ್ ನಿಲ್ದಾಣ ಅಥವಾ ಅಂಗಡಿಯ ಹತ್ತಿರ, ಗಾಜಿನ ಬಾಗಿಲಿನ ಮರದ ನೋಟಿಸ್ ಬೋರ್ಡು ಇರುತ್ತದೆ. ಯೋಗ ತರಗತಿ, ಕಳೆದುಹೋದ ಬೆಕ್ಕು, ಚರ್ಚಿನ ಕೇಕ್ ಮಾರಾಟದ ಚೀಟಿಗಳ ನಡುವೆ ಪಿನ್ನು ಚುಚ್ಚಿದ ಒಂದು ಬಿಳಿ ಹಾಳೆ ಕಾಣುತ್ತದೆ. ಪ್ಯಾರಿಷ್ ಕೌನ್ಸಿಲ್ಲಿನ ಸಭೆಯ ಅಜೆಂಡಾ ಅದು. ಸಭೆಗೆ ಕನಿಷ್ಠ ಮೂರು ಪೂರ್ತಿ ದಿನ ಮೊದಲು ಅದನ್ನು ಹಚ್ಚಬೇಕೆಂದು ಕಾನೂನೇ ಇದೆ. ಕೆಳಗೆ ಕ್ಲರ್ಕ್‌ನ ಹೆಸರು, ಇಮೇಲ್. ಈ ಕ್ಲರ್ಕ್‌ಗೆ ಊರಿನ ಎಲ್ಲ ಸಂಗತಿಯೂ ಗೊತ್ತಿರುತ್ತದೆ. ನಿಮ್ಮ ಪ್ರಶ್ನೆ ಅವರ ವ್ಯಾಪ್ತಿಗೆ ಬಾರದಿದ್ದರೂ ಯಾರ ಬಾಗಿಲು ತಟ್ಟಬೇಕೆಂದು ಹೇಳಬಲ್ಲರು.

ಪ್ಯಾರಿಷ್ ಕೌನ್ಸಿಲ್‌ಗಳು 1894ರ ಕಾಯ್ದೆಯಿಂದ ಹುಟ್ಟಿದವು. ಆಟದ ಮೈದಾನ, ಊರ ಸ್ಮಶಾನ, ಬಸ್ ತಂಗುದಾಣ, ತರಕಾರಿ ಬೆಳೆಯಲು ಬಾಡಿಗೆಗೆ ಕೊಡುವ ಅಲಾಟ್‌ಮೆಂಟ್ ತುಂಡುಗಳನ್ನು ನೋಡಿಕೊಳ್ಳುತ್ತವೆ. ಮೆಂತ್ಯ, ಕೊತ್ತಂಬರಿ ಬೆಳೆಯುವ ಆಸೆ ಇದ್ದವರು ಅಲಾಟ್‌ಮೆಂಟ್‌ಗೆ ಇಲ್ಲಿಯೇ ಹೆಸರು ಬರೆಸಬೇಕು. ಸಭೆಗಳಿಗೆ ಯಾರು ಬೇಕಾದರೂ ಹೋಗಿ ಕೂರಬಹುದು, ಸಾರ್ವಜನಿಕರು ಮಾತಾಡಲು ಹೆಚ್ಚಿನ ಕಡೆ ಆರಂಭದಲ್ಲೇ ಸ್ವಲ್ಪ ಹೊತ್ತು ಬಿಟ್ಟಿರುತ್ತಾರೆ. ಏಳೆಂಟು ಮಂದಿ ಕೌನ್ಸಿಲರ್‌ಗಳು, ಗೋಡೆ ಬದಿಯ ಕುರ್ಚಿಗಳಲ್ಲಿ ನಾಲ್ಕೈದು ಊರಿನವರು, ಅಷ್ಟೇ. ಯಾರು ಏನು ಹೇಳಿದರೆಂದು ಹೆಸರು ಹಿಡಿದು ನೆನಪಿಡುವಷ್ಟು ಚಿಕ್ಕ ಸಭೆ ಅದು.

ಈ ಏರ್ಪಾಡು ಹೀಗೇ ಉಳಿಯುವುದಿಲ್ಲ ಎಂಬುದೂ ಗೊತ್ತಿರಲಿ. ಕೌಂಟಿ ಮತ್ತು ಡಿಸ್ಟ್ರಿಕ್ಟ್ ಎಂಬ ಎರಡು ಹಂತ ಇರುವ ಕಡೆಗಳಲ್ಲೆಲ್ಲ ಎರಡನ್ನೂ ಸೇರಿಸಿ ಒಂದೇ ಕೌನ್ಸಿಲ್ ಮಾಡುವುದಾಗಿ ಬ್ರಿಟನ್ ಸರ್ಕಾರ 2024ರ ಡಿಸೆಂಬರ್‌ನ ಶ್ವೇತಪತ್ರದಲ್ಲಿ ಹೇಳಿದೆ. ಕೇಂಬ್ರಿಡ್ಜ್‌ಶೈರ್ ಕೂಡ ಅದರಲ್ಲಿ ಸೇರಿದೆ. ಹಾಗಾದಾಗ ಗುಂಡಿಗೂ ಕಸಕ್ಕೂ ಬಾಗಿಲು ಒಂದೇ ಆಗುತ್ತದೆ, ಆದರೆ ಆ ಬಾಗಿಲು ಇನ್ನಷ್ಟು ದೂರ ಹೋಗುತ್ತದೆ. ಪ್ಯಾರಿಷ್ ಮಾತ್ರ ಊರಲ್ಲೇ ಇರುತ್ತದೆ.

ಕೌನ್ಸಿಲ್ಲಿನ ಮಾಮೂಲಿ ಸಭೆಗಳಲ್ಲದೆ ವರ್ಷಕ್ಕೊಮ್ಮೆ ಊರಿನ ಮತದಾರರೆಲ್ಲರ ಪ್ಯಾರಿಷ್ ಸಭೆ ನಡೆಯುತ್ತದೆ. ಮಾರ್ಚ್ 1 ಮತ್ತು ಜೂನ್ 1ರ ನಡುವೆ ಅದು ಆಗಲೇಬೇಕು, ಸಂಜೆ 6ಕ್ಕಿಂತ ಮೊದಲು ಶುರುವಾಗುವ ಹಾಗಿಲ್ಲ. ಹಗಲು ದುಡಿಯುವವರಿಗೂ ಬರಲು ಆಗಲಿ ಎಂದು. ಪಟ್ಟಿಯಲ್ಲಿ ನಿಮ್ಮ ಹೆಸರಿದ್ದರೆ ಅಲ್ಲಿ ಎದ್ದು ನಿಂತು ಮಾತಾಡಬಹುದು, ಕೈ ಎತ್ತಿ ಮತ ಹಾಕಬಹುದು. ಫೆಬ್ರುವರಿ ಕೊನೆಯಿಂದಲೇ ನೋಟಿಸ್ ಬೋರ್ಡಿನ ಮೇಲೆ ಒಂದು ಕಣ್ಣಿಡಿ.