ಬಿಸಿಲು, ಬೆವರು ಮತ್ತು ನಮ್ಮ ಸಾಫ್ಟ್‌ಬಾಲ್ ಹುಡುಗಿಯರು

ಅರಿಜೋನಾದ ಒಂದು ಕಾಲೇಜಿನಲ್ಲಿ ನಾನು ಅಥ್ಲೆಟಿಕ್ ಟ್ರೇನರ್. ಕೋಚ್ ಅಲ್ಲ, ಕಾಲು ಉಳುಕಿದರೆ ಟೇಪ್ ಸುತ್ತುವ, ನೀರು ಕುಡಿದ್ರಾ ಎಂದು ಬೆನ್ನು ಹತ್ತುವ ಕೆಲಸ. ನನ್ನ ಪಾಲಿಗೆ ಹುಡುಗಿಯರ ಸಾಫ್ಟ್‌ಬಾಲ್ ತಂಡ; ಬೇಸ್‌ಬಾಲ್‌ನಂಥದ್ದೇ ಆಟ. ಸೀಸನ್ ಫೆಬ್ರವರಿಯಿಂದ ಮೇ ತನಕ. ಬಿಸಿಲಿನ ನೇರಳಾತೀತ ಕಿರಣಗಳ ತೀವ್ರತೆ ಹೇಳುವ ಯುವಿ ಸೂಚ್ಯಂಕ 3 ಆದರೇ ಚರ್ಮ ಕಾಪಾಡಿಕೊಳ್ಳಿ ಅನ್ನುತ್ತಾರೆ. ಇಲ್ಲಿ ಏಪ್ರಿಲ್ ಮಧ್ಯಾಹ್ನ ಅದು 9ರ ಆಸುಪಾಸಿನಲ್ಲಿರುತ್ತದೆ.

ಇಷ್ಟು ಬಿಸಿಲು ಸಾಲದು ಎಂಬಂತೆ ಕೆಲವರು ಟ್ಯಾನಿಂಗ್ ಸಲೂನ್‌ಗೂ ಹೋಗುತ್ತಾರೆ. ಅಲ್ಲಿ ಯುವಿ ದೀಪಗಳ ಬೆಡ್ ಮೇಲೆ ಮಲಗಿ ಮೈ ಕಂದು ಮಾಡಿಕೊಳ್ಳುತ್ತಾರೆ. ಜೆರ್ಸಿ ತೋಳಿನ ಕೆಳಗೆ ಕಂದು, ಮೇಲೆ ಬಿಳಿ; ಸಾಕ್ಸ್ ಹತ್ತಿರ ಇನ್ನೊಂದು ಗೆರೆ. ಪಾರ್ಟಿ ಡ್ರೆಸ್ಸಿನಲ್ಲಿ ಇದು ಕಾಣಬಾರದು, ಅದಕ್ಕೆ. "ಬಿಸಿಲಿಗೆ ಹೋಗ್ಬೇಡ, ಕಪ್ಪಾಗ್ತೀಯ" ಎಂದು ಬೈಸಿಕೊಂಡೇ ಬೆಳೆದವಳು ನಾನು. ಎರಡೂ ಒಂದೇ ಹುಚ್ಚು ಬಿಡಿ.

ಈ ಟ್ಯಾನಿಂಗ್ ಬೆಡ್‌ಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2009ರಲ್ಲೇ ತಂಬಾಕಿನ ಗುಂಪಿಗೆ, ಅಂದರೆ ಕ್ಯಾನ್ಸರ್ ತರುವುದು ಖಚಿತ ಎನ್ನುವ ಪಟ್ಟಿಗೆ, ಸೇರಿಸಿದೆ. ಪ್ರತಿ ಸೀಸನ್ ಶುರುವಿನಲ್ಲಿ ಇದನ್ನು ಹೇಳುತ್ತೇನೆ. ಎಲ್ಲರೂ ತಲೆಯಾಡಿಸುತ್ತಾರೆ. ಅದನ್ನು ಕೇಳಿ ಯಾರಾದರೂ ಸನ್‌ಸ್ಕ್ರೀನ್ ಮುಚ್ಚಳ ತೆಗೆದದ್ದು ನಾನು ಕಾಣೆ. ಹತ್ತೊಂಬತ್ತರ ಹುಡುಗಿಗೆ ಐವತ್ತರ ಕಾಯಿಲೆ ದೂರದ ಮಾತು.

ಕೆಲಸ ಮಾಡಿದ್ದು ಕ್ಯಾಮೆರಾ. ಚರ್ಮದ ಕ್ಲಿನಿಕ್ಕಿನಿಂದ ಒಂದು ಯುವಿ ಕ್ಯಾಮೆರಾ ಎರವಲು ತಂದೆ. ನುಣ್ಣಗಿನ ಕೆನ್ನೆ ಅದರಲ್ಲಿ ಚುಕ್ಕೆ ಚುಕ್ಕೆಯಾಗಿ ಕಾಣುತ್ತದೆ. ಸನ್‌ಸ್ಕ್ರೀನ್ ಹಚ್ಚಿದ ಜಾಗ ಮಸಿ ಬಳಿದ ಹಾಗೆ ಕಪ್ಪು. ಹಚ್ಚದೆ ಬಿಟ್ಟದ್ದು ತಕ್ಷಣ ಗೊತ್ತಾಗುತ್ತದೆ: ಕಿವಿ, ಬೈತಲೆ, ಜುಟ್ಟಿನ ಕೆಳಗಿನ ಕುತ್ತಿಗೆ. ನಗುತ್ತಾ ನಿಂತವರು ಸುಮ್ಮನಾದರು.

ಆಮೇಲೆ ನೀರಿನ ಕೂಲರ್ ಪಕ್ಕದಲ್ಲೇ ದೊಡ್ಡ ಪಂಪ್ ಬಾಟಲಿ ಇಟ್ಟೆ. ಎಸ್‌ಪಿಎಫ್ 50, 80 ನಿಮಿಷ ಬೆವರಿದರೂ ತೊಳೆದುಹೋಗದಂಥದ್ದು. ಅಭ್ಯಾಸಕ್ಕೆ ಕಾಲು ಗಂಟೆ ಮುಂಚೆ ಒಮ್ಮೆ, ನೀರಿನ ಬ್ರೇಕ್‌ನಲ್ಲಿ ಮತ್ತೊಮ್ಮೆ. ತಕರಾರು ಬಂದೇ ಬಂತು. ಚೆಂಡು ಎಸೆಯುವ ಪಿಚರ್‌ಗಳಿಗೆ ಚೆಂಡು ಜಾರುತ್ತದಂತೆ. ಸರಿ, ಅಂಗೈಗೆ ಸುರಿಯಬೇಡಿ, ಮುಂಗೈ ಮೇಲೆ ಹಾಕಿಕೊಂಡು ಅದರಿಂದಲೇ ತೋಳಿಗೆ ಉಜ್ಜಿ ಅಂದೆ. ಕಣ್ಣುರಿ ಅಂದವರಿಗೆ ಹಣೆಗೆ ಜಿಂಕ್ ಸ್ಟಿಕ್, ಕಡ್ಡಿಯಂತೆ ಗಟ್ಟಿಯಾದ ಸನ್‌ಸ್ಕ್ರೀನ್; ಅದು ಅಷ್ಟು ಸುಲಭವಾಗಿ ಕರಗಿ ಇಳಿಯುವುದಿಲ್ಲ. ಗೆರೆ ಮುಚ್ಚಲೇಬೇಕು ಅನ್ನುವವರು ಬಾಟಲಿಯ ಟ್ಯಾನ್ ಲೋಷನ್ ಹಚ್ಚಲಿ, ನನ್ನ ಅಡ್ಡಿಯಿಲ್ಲ. ಆದರೆ ಆ ಬಣ್ಣ ಬಿಸಿಲು ತಡೆಯುವುದಿಲ್ಲ.

ಔಷಧಿಗಳ ಫಾರಂ ಕೂಡ ನೋಡುತ್ತೇನೆ. ಮೊಡವೆಗೆ ಡಾಕ್ಸಿಸೈಕ್ಲಿನ್ ನುಂಗುವವರಿಗೆ ಬಿಸಿಲು ಬೇಗ ಸುಡುತ್ತದೆ. ಅವರಿಗೆ ಉದ್ದ ತೋಳಿನ ಅಂಗಿ.

ಇನ್ನು ಕಪ್ಪು ಹುಡುಗಿಯರು, ನನ್ನಂಥ ಕಂದು ಬಣ್ಣದವರು, "ನಮಗೇನೂ ಆಗಲ್ಲ" ಅನ್ನುತ್ತಾರೆ. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಅಪರೂಪ, ನಿಜ. ಬಂದರೆ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಕೆಳಗೆ. ಬಿಸಿಲಿಗೂ ಅದಕ್ಕೂ ಅಷ್ಟು ಸಂಬಂಧವಿಲ್ಲ, ಹಾಗಾಗಿ ಸನ್‌ಸ್ಕ್ರೀನ್ ಅಲ್ಲಿ ಕೆಲಸಕ್ಕೆ ಬಾರದು. ಜಮೈಕಾದ ಗಾಯಕ ಬಾಬ್ ಮಾರ್ಲಿಗೆ ಕಾಲ್ಬೆರಳಿನ ಉಗುರಿನ ಕೆಳಗೆ ಬಂದಿತ್ತು; 1981ರಲ್ಲಿ, 36ಕ್ಕೇ ಹೋದರು. ಟೇಪ್ ಸುತ್ತುವಾಗ ಪಾದ ಹೇಗೂ ನನ್ನ ಮುಂದೆಯೇ ಇರುತ್ತದೆ ಅಲ್ವಾ, ಅಂಗಾಲನ್ನೂ ಒಮ್ಮೆ ನೋಡಿಬಿಡುತ್ತೇನೆ. ಹೊಸ ಮಚ್ಚೆ, ಎರಡು ಬಣ್ಣ, 6 ಮಿಲಿಮೀಟರ್‌ಗಿಂತ ದೊಡ್ಡದು, ಬದಲಾಗುತ್ತಿರುವುದು, ಇವು ಕಂಡರೆ ಸ್ಕೇಲ್ ಇಟ್ಟು ಅವಳದೇ ಫೋನಿನಲ್ಲಿ ಫೋಟೊ, ಆಮೇಲೆ ಡಾಕ್ಟರ ಹತ್ತಿರ. ಹೆಚ್ಚಿನವು ಹಿಮ್ಮಡಿಯಲ್ಲಿ ಹೆಪ್ಪುಗಟ್ಟಿದ ರಕ್ತದ ಚುಕ್ಕೆಗಳು. ಓಡಿ ಗಕ್ಕನೆ ನಿಲ್ಲುವ ಆಟದಲ್ಲಿ ಅದು ಮಾಮೂಲು. ಆದರೂ ಕಳಿಸುತ್ತೇನೆ.