ಡಿಯುಐ ಕೇಸಿನ ವಿಡಿಯೊ ನಾನು ನೋಡುವ ರೀತಿ

ಕುಡಿದು ಕಾರು ಓಡಿಸಿದ ಆರೋಪಕ್ಕೆ ಅಮೆರಿಕದ ಹಲವು ರಾಜ್ಯಗಳಲ್ಲಿ ಡಿಯುಐ ಅನ್ನುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಅಂಥ ಕೇಸುಗಳನ್ನು ನಡೆಸುವ ವಕೀಲ ನಾನು. ಬರುವವರಲ್ಲಿ ನಮ್ಮ ಕನ್ನಡದವರೂ ಇರುತ್ತಾರೆ.

ಕೇಸು ಕೈಗೆ ಬಂದ ಮೇಲೆ ಪೊಲೀಸರ ಬಾಡಿ ಕ್ಯಾಮೆರಾ ವಿಡಿಯೊ ತರಿಸಿಕೊಂಡು ಮೊದಲ ಸಲ ಸದ್ದು ಬಂದ್ ಮಾಡಿ ನೋಡುತ್ತೇನೆ. ಪೊಲೀಸರ ವರದಿಯನ್ನು ಆಗ ಮುಟ್ಟುವುದೇ ಇಲ್ಲ. ಓದಿಬಿಟ್ಟರೆ ಅದರಲ್ಲಿರುವುದನ್ನೇ ಕಣ್ಣು ಹುಡುಕುತ್ತದೆ. ಕಾರಿನಿಂದ ಇಳಿಯುವಾಗ ಬಾಗಿಲು ಹಿಡಿದುಕೊಂಡರಾ, ಲೈಸೆನ್ಸ್ ತೆಗೆಯುವಾಗ ಕೈ ತಡವರಿಸಿತಾ, ನಿಂತ ಜಾಗ ಸಮವಾಗಿದೆಯಾ, ಪಕ್ಕದಲ್ಲೇ ಲಾರಿಗಳು ಹೋಗುತ್ತಿವೆಯಾ, ಪೊಲೀಸ್ ಕಾರಿನ ದೀಪ ನೇರ ಮುಖಕ್ಕೆ ಹೊಡೆಯುತ್ತಿದೆಯಾ, ಇಷ್ಟೇ ನೋಡುವುದು.

ಎರಡನೇ ಸಲ ಸದ್ದು ಹಾಕಿ ನೋಡುವಾಗ ಆಫೀಸರ್ ಹೇಳುವ ಒಂದೊಂದು ಮಾತಿನ ಎದುರೂ ಗುರುತು ಹಾಕುತ್ತೇನೆ: ಇದು ಆದೇಶವಾ, ಕೋರಿಕೆಯಾ? ನನ್ನ ಕೆಲಸದ ಜೀವಾಳ ಇದೇ. ಲೈಸೆನ್ಸ್, ರಿಜಿಸ್ಟ್ರೇಷನ್, ಇನ್ಶೂರೆನ್ಸ್ ಕೇಳಿದರೆ ಕೊಡಲೇಬೇಕು. ಕಾರಿನಿಂದ ಇಳಿಯಿರಿ ಅಂದರೆ ಇಳಿಯಲೇಬೇಕು, ಸುಪ್ರೀಂ ಕೋರ್ಟ್ 1977ರಲ್ಲೇ ಅದನ್ನು ಒಪ್ಪಿದೆ. ಆದರೆ ಗೆರೆಯ ಮೇಲೆ ನಡೆಯಿರಿ, ಒಂಟಿ ಕಾಲಲ್ಲಿ ನಿಲ್ಲಿ, ಈ ಪೆನ್ನನ್ನು ಕಣ್ಣಲ್ಲೇ ಹಿಂಬಾಲಿಸಿ ಅನ್ನುವುದು ಕೋರಿಕೆ ಮಾತ್ರ. ಬೇಡ ಅನ್ನಬಹುದು. ಕಷ್ಟ ಏನಪ್ಪಾ ಅಂದರೆ ಆದೇಶವೂ ಕೋರಿಕೆಯೂ ಅದೇ ದನಿಯಲ್ಲಿ, ಒಂದರ ಹಿಂದೆ ಒಂದು ಬರುತ್ತವೆ. ಖಾಕಿ ಕಂಡರೆ ಎದುರು ಮಾತಾಡಬಾರದು ಅಂತ ಕೇಳಿಕೊಂಡೇ ಬೆಳೆದವರು ನಾವು, ಎಲ್ಲದಕ್ಕೂ ತಲೆಯಾಡಿಸಿಬಿಡುತ್ತೇವೆ.

ನಡೆದು ತಿರುಗುವ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಎಡಗಾಲು ಗೆರೆಯ ಮೇಲೆ, ಅದರ ಮುಂದೆ ಬೆರಳಿಗೆ ಹಿಮ್ಮಡಿ ತಾಗುವಂತೆ ಬಲಗಾಲು. ಹಾಗೇ ನಿಂತು ಪೂರ್ತಿ ವಿವರಣೆ ಕೇಳಬೇಕು. ಆಮೇಲೆ 9 ಹೆಜ್ಜೆ ಹೋಗಿ, ಮುಂದಿನ ಪಾದವನ್ನು ಗೆರೆಯ ಮೇಲೇ ಇಟ್ಟುಕೊಂಡು ಇನ್ನೊಂದರಿಂದ ಪುಟ್ಟ ಪುಟ್ಟ ಹೆಜ್ಜೆ ಹಾಕಿ ತಿರುಗಿ, 9 ಹೆಜ್ಜೆ ವಾಪಸ್ ಬರಬೇಕು. ಆಫೀಸರ್ ಹುಡುಕುವ ತಪ್ಪುಗಳು 8. ಎರಡು ಸಿಕ್ಕರೆ ಸಾಕು. ನನ್ನ ಕಕ್ಷಿದಾರರೊಬ್ಬರು ಆಫೀಸರ್ ನಡೆದು ತೋರಿಸುತ್ತಿದ್ದಂತೆ ತಾವೂ ಹೊರಟುಬಿಟ್ಟರು. ಶುರು ಮಾಡಿ ಅನ್ನುವ ಮೊದಲೇ ಹೊರಟದ್ದು ಒಂದು ತಪ್ಪು. ಕೊನೆಯಲ್ಲಿ ಕವಾಯತಿನವರ ಹಾಗೆ ಗಿರಕ್ಕನೆ ತಿರುಗಿದರು, ಅದು ಇನ್ನೊಂದು. ವಿಡಿಯೊದಲ್ಲಿ ಅವರ ಕಾಲು ಒಮ್ಮೆಯೂ ಗೆರೆ ಬಿಟ್ಟು ಆಚೆ ಹೋಗಿಲ್ಲ. ವರದಿಯಲ್ಲಿ ಮಾತ್ರ ಸರಿಯಾಗಿ ಮಾಡಲಿಲ್ಲ ಅಂತ ಇತ್ತು. ವಿಡಿಯೊ ನಿಲ್ಲಿಸಿ ನಿಲ್ಲಿಸಿ, ಸೆಕೆಂಡು ಬರೆದುಕೊಂಡು, ಪಕ್ಕದಲ್ಲಿ ಪೊಲೀಸರದ್ದೇ ತರಬೇತಿ ಕೈಪಿಡಿ ಇಟ್ಟುಕೊಂಡು ತಾಳೆ ನೋಡುವಾಗ ಇಂಥದ್ದು ಸಿಗುತ್ತದೆ. ಈ ಪರೀಕ್ಷೆಯ ಪರವಾಗಿ ಜಾಸ್ತಿ ತೋರಿಸುವ 1998ರ ಸ್ಯಾನ್ ಡಿಯಾಗೊ ಅಧ್ಯಯನದಲ್ಲೂ ಇದು ಸರಿ ಹೇಳಿದ್ದು ಶೇ. 79 ಸಲ. ಉಳಿದವರ ಗತಿ?

ಕುಡಿದವರು ಸ್ಟಿಯರಿಂಗ್ ಹಿಡಿಯಲೇಬಾರದು, ಅದರಲ್ಲಿ ನನಗೆ ಎರಡು ಮಾತಿಲ್ಲ. ಹಾಗಂತ ಕುಡಿಯದೇ ಸುಸ್ತಾಗಿ ಬಂದವರು, ಮಂಡಿ ನೋವಿನವರು, ಹೆದರಿ ನಡುಗುವವರು ಅದೇ ಗೆರೆಯ ಮೇಲೆ ನಡೆದು ಸಿಕ್ಕಿಬೀಳಬೇಕಾ?

ಆಮೇಲೆ ಮಾತು. "ಎರಡೇ ಬಿಯರ್ ಸರ್" ಅನ್ನುವುದು ಎಷ್ಟೋ ವಿಡಿಯೊಗಳಲ್ಲಿ ಕೇಳುತ್ತದೆ. ರಸ್ತೆ ಬದಿಯ ಪ್ರಶ್ನೆಗಳಿಗೆ ಮುಂಚೆ ಸಾಮಾನ್ಯವಾಗಿ ಮಿರಾಂಡಾ ಎಚ್ಚರಿಕೆ, ಅಂದರೆ ಸುಮ್ಮನಿರುವ ಹಕ್ಕು ನಿಮಗಿದೆ ಅಂತ ತಿಳಿಸುವ ಮಾತು, ಕೊಡಬೇಕಾಗಿಲ್ಲ ಅಂತ 1984ರಲ್ಲಿ ತೀರ್ಪಾಗಿದೆ. ಆದ್ದರಿಂದ ಆ ಎರಡು ಬಿಯರ್ ನೇರ ಕೋರ್ಟಿಗೆ ಬರುತ್ತವೆ. ಸುಳ್ಳು ಹೇಳಬೇಡಿ. "ಈ ಪ್ರಶ್ನೆಗೆ ಉತ್ತರ ಕೊಡಲು ಇಷ್ಟವಿಲ್ಲ" ಅಂತ ಮರ್ಯಾದೆಯಿಂದ ಹೇಳಿ, ಅಷ್ಟೇ.

ಇನ್ನು ಉಸಿರು ಪರೀಕ್ಷೆ. ಇದು ಎರಡು ಥರ, ಜನ ಗೊಂದಲ ಮಾಡಿಕೊಳ್ಳುವುದು ಇಲ್ಲೇ. ಬಂಧನಕ್ಕೆ ಮುಂಚೆ ಕೈಯಲ್ಲಿ ಹಿಡಿಯುವ ಪುಟ್ಟ ಯಂತ್ರ ಬಾಯಿಗೆ ಹಿಡಿದರೆ, 21 ತುಂಬಿದವರು, ಹಳೇ ಡಿಯುಐ ಕೇಸಿನ ಪ್ರೊಬೇಷನ್ (ಕೋರ್ಟಿನ ನಿಗಾ) ಇಲ್ಲದವರು, ಬೇಡ ಅನ್ನಬಹುದು. ಬೇಡ ಅನ್ನಬಹುದು ಅಂತ ಆಫೀಸರೇ ತಿಳಿಸಬೇಕು, ತಿಳಿಸಿದರಾ ಅಂತ ವಿಡಿಯೊದಲ್ಲಿ ಕಿವಿಗೊಟ್ಟು ಕೇಳುತ್ತೇನೆ. ನ್ಯಾಯಬದ್ಧವಾಗಿ ಬಂಧಿಸಿದ ಮೇಲಿನ ಪರೀಕ್ಷೆ ಹಾಗಲ್ಲ. ಅದಕ್ಕೆ ಒಪ್ಪದಿದ್ದರೆ ಮೊದಲ ಸಲಕ್ಕೇ ಒಂದು ವರ್ಷ ಲೈಸೆನ್ಸ್ ಅಮಾನತು, ಅದನ್ನು ತೀರ್ಮಾನಿಸುವ ಮುಂಚೆ ವಕೀಲರನ್ನು ಕರೆಸುವ ಹಕ್ಕೂ ಇಲ್ಲ. ನಾನು ಒಪ್ಪಿಕೊಳ್ಳಿ ಅಂತಲೇ ಹೇಳುವುದು. ರಸ್ತೆಯ ಪರೀಕ್ಷೆ ಬೇಡ ಅಂದ ಮಾತ್ರಕ್ಕೆ ಬಂಧನ ತಪ್ಪುತ್ತದೆ ಅಂತಲೂ ಅಲ್ಲ. ಬಾಯಿಯ ವಾಸನೆ, ಕಾರು ಓಡಿಸಿದ ರೀತಿ ನೋಡಿಯೂ ಕರೆದೊಯ್ಯಬಹುದು.

ವೀಸಾದ ಮೇಲೆ ಇರುವವರಿಗೆ ಇನ್ನೊಂದು ವಿಷಯ. ಅಪರಾಧ ಸಾಬೀತಾಗದಿದ್ದರೂ, ಬರೀ ಬಂಧನದ ಮೇಲೆಯೇ ವೀಸಾ ರದ್ದು ಮಾಡುವ ಅಧಿಕಾರ ವಿದೇಶಾಂಗ ಇಲಾಖೆಗೆ ಇದೆ. ಹಾಗಾಗಿ ಊರಿಗೆ ಟಿಕೆಟ್ ತೆಗೆಯುವ ಮುಂಚೆ ವಲಸೆ ವಕೀಲರನ್ನೂ ಕಾಣಿ ಅನ್ನುತ್ತೇನೆ.

ಬಂಧನದ ರಾತ್ರಿ ಲೈಸೆನ್ಸ್ ಕಿತ್ತುಕೊಂಡು ಗುಲಾಬಿ ಬಣ್ಣದ ಕಾಗದ ಕೊಡುತ್ತಾರೆ. ತಾತ್ಕಾಲಿಕ ಲೈಸೆನ್ಸ್ ಅದೇ. ಲೈಸೆನ್ಸ್ ಉಳಿಸಿಕೊಳ್ಳಲು ಲೈಸೆನ್ಸ್ ಕೊಡುವ ಇಲಾಖೆಯಾದ ಡಿಎಂವಿಯಲ್ಲಿ ವಿಚಾರಣೆ ಕೇಳುವುದಾದರೆ 10 ದಿನದೊಳಗೆ ಕೇಳಬೇಕು. ಕೋರ್ಟಿನ ತಾರೀಖು ಬರಲಿ ನೋಡೋಣ ಅಂತ ಸುಮ್ನೆ ಕೂತರೆ ಆ ಗಡುವು ದಾಟಿರುತ್ತದೆ. ಅದಕ್ಕೇ ಯಾರೇ ಫೋನ್ ಮಾಡಲಿ, ನಡೆದದ್ದನ್ನೆಲ್ಲ ಕೇಳುವ ಮುಂಚೆ, ಆ ಕಾಗದದ ಮೇಲೆ ಯಾವ ತಾರೀಖು ಇದೆ ಅಂತ ಓದಿಸುತ್ತೇನೆ.