ಮುಖಕ್ಕೊಂದು ಟ್ಯೂಬು, ಮೈಗೊಂದು: ದುರ್ಗದ ಬಿಸಿಲಲ್ಲಿ ನನ್ನ ಸನ್‌ಸ್ಕ್ರೀನ್ ಅನುಭವ

"ಸನ್‌ಸ್ಕ್ರೀನ್ ಹಚ್ತೀರಾ ಮೇಡಂ?"

"ದಿನಾ ಹಚ್ತೀನಿ ಡಾಕ್ಟ್ರೇ."

"50 ಗ್ರಾಂ ಟ್ಯೂಬು ಎಷ್ಟು ದಿನ ಬರುತ್ತೆ?"

"ಮೂರು, ನಾಲ್ಕು ತಿಂಗಳು ಬರುತ್ತೆ."

"ಹಾಗಾದ್ರೆ ನೀವು ಹಚ್ತಾನೇ ಇಲ್ಲ."

ದಾವಣಗೆರೆಯ ಚರ್ಮದ ಡಾಕ್ಟರ ಈ ಮಾತು ನನಗೆ ಆ ಹೊತ್ತಿಗೆ ಬೇಜಾರು ತರಿಸಿತು. ಚಿತ್ರದುರ್ಗದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ಪಿಟಿ ಟೀಚರ್. 14 ವರ್ಷದಿಂದ ಮೈದಾನವೇ ನನ್ನ ಕ್ಲಾಸ್‌ರೂಮು. ಖೋಖೋ ಕಂಬ ನೆಡಿಸೋದು, ಟ್ರ್ಯಾಕಿಗೆ ಸುಣ್ಣ ಹಾಕಿಸೋದು, ಓಟದ ಪ್ರಾಕ್ಟೀಸು, ಎಲ್ಲಾ ಬಿಸಿಲಲ್ಲೇ. 38 ದಾಟಿದ ಮೇಲೆ ಬಲಗೆನ್ನೆಯಲ್ಲಿ ಹುಣಸೆಬೀಜದಷ್ಟು ಬಂಗು ಕಾಣಿಸಿತು. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಎರಡೂ ಕೆನ್ನೆಗೆ, ಮೂಗಿನ ಮೇಲಕ್ಕೆ ಹಬ್ಬಿತು. ಯಾರೋ ಹೇಳಿದರು ಅಂತ ಅಂಗಡಿಯಿಂದ ಒಂದು ಕ್ರೀಮ್ ತಂದು ಹಚ್ಚಿದೆ. ಹದಿನೈದು ದಿನ ಮುಖ ಬೆಳ್ಳಗೆ ಹೊಳೆಯಿತು. ಆಮೇಲೆ ಕೆಂಪಾಯಿತು, ಬಿಸಿಲಿಗೆ ಹೋದರೆ ಉರಿ. ಅದರಲ್ಲಿ ಸ್ಟೀರಾಯ್ಡ್ ಇತ್ತು ಅಂತ ಗೊತ್ತಾಗಿದ್ದು ಡಾಕ್ಟರು ಟ್ಯೂಬು ತಿರುಗಿಸಿ ಓದಿದ ಮೇಲೆ. ಬಂಗಿಗೆ ಅಂತ ಯಾರು ಏನೇ ಕೊಡಲಿ, ಡಾಕ್ಟರಿಗೆ ತೋರಿಸದೆ ದಯವಿಟ್ಟು ಹಚ್ಚಬೇಡಿ.

ಊರಿಗೆ ಬಂದ ಮೇಲೂ ಡಾಕ್ಟರ ಮಾತು ತಲೆಯಲ್ಲೇ ಇತ್ತು. ಮಾರನೇ ದಿನ ನಮ್ಮ ಸೈನ್ಸ್ ಮೇಡಂ ಹತ್ತಿರ ಲ್ಯಾಬಿನ ಡಿಜಿಟಲ್ ತಕ್ಕಡಿ ಕೇಳಿದೆ. ಒಂದು ಚೂರು ಪ್ಲಾಸ್ಟಿಕ್ ಹಾಳೆ ಇಟ್ಟು, ದಿನಾ ಹಚ್ಚುವಷ್ಟೇ ಕ್ರೀಮ್ ಹಿಂಡಿದೆ. 0.3 ಗ್ರಾಂ. ಆಮೇಲೆ ಡಾಕ್ಟರು ಹೇಳಿದ ಅಳತೆ: ತೋರುಬೆರಳು, ನಡುಬೆರಳು ಎರಡರ ಮೇಲೂ ಬುಡದಿಂದ ತುದಿಯವರೆಗೆ ಒಂದೊಂದು ಗೆರೆ. ಅದು 1.1 ಗ್ರಾಂ ಬಂತು. ಮುಖಕ್ಕೂ ಕುತ್ತಿಗೆಗೂ ಸೇರಿ ಇಷ್ಟು ಬೇಕು. ಅಂದರೆ ನಾನು ಇಷ್ಟು ವರ್ಷ ಕಾಲು ಭಾಗ ಹಚ್ಚಿಕೊಂಡು ಪೂರ್ತಿ ಹಚ್ಚಿದೆ ಅಂದುಕೊಂಡಿದ್ದೆ.

ಟ್ಯೂಬಿನ ಮೇಲಿರುವ ಎಸ್‌ಪಿಎಫ್, ಅಂದರೆ ಬಿಸಿಲಿಂದ ಎಷ್ಟು ರಕ್ಷಣೆ ಅಂತ ಹೇಳುವ ನಂಬರ್ ಬರೋದೇ ಒಂದು ಚದರ ಸೆಂಟಿಮೀಟರ್ ಚರ್ಮಕ್ಕೆ 2 ಮಿಲಿಗ್ರಾಂ ಹಚ್ಚಿ ಪರೀಕ್ಷೆ ಮಾಡಿದಾಗ. ಅಷ್ಟು ಹಚ್ಚಿದರೆ ಎಸ್‌ಪಿಎಫ್ 15 ಇರೋದು ಬಿಸಿಲಿನ ಅತಿನೇರಳೆ (ಯುವಿ) ಕಿರಣಗಳಲ್ಲಿ ಮೈ ಸುಡುವ ಯುವಿ-ಬಿಯನ್ನು ಸುಮಾರು ಶೇ. 93ರಷ್ಟು ತಡೆಯುತ್ತದೆ, 30 ಇರೋದು ಶೇ. 97, 50 ಇರೋದು ಶೇ. 98. ಮೂವತ್ತಕ್ಕೂ ಐವತ್ತಕ್ಕೂ ವ್ಯತ್ಯಾಸ ಅಷ್ಟೇ. ತೆಳುವಾಗಿ ಸವರಿದರೆ ಮಾತ್ರ 50ರ ಟ್ಯೂಬು 50ರ ಕೆಲಸ ಮಾಡಲ್ಲ, ಹತ್ತಿರಕ್ಕೂ ಬರಲ್ಲ. ಇದು ಗೊತ್ತಾದ ಮೇಲೆ ನಾನು ಸನ್‌ಸ್ಕ್ರೀನ್ ಆರಿಸುವ ರೀತಿಯೇ ಬದಲಾಯಿತು. ಎರಡು ಬೆರಳಿನಷ್ಟು ಹಚ್ಚಿದರೂ ಮುಖಕ್ಕೆ ಹಿಂಸೆ ಆಗಬಾರದು, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚೋಕೆ ಜೇಬಿಗೆ ಭಾರ ಆಗಬಾರದು. ಈ ಎರಡಕ್ಕೂ ಒಂದೇ ಟ್ಯೂಬು ಸಿಗಲ್ಲ. ಅದಕ್ಕೇ ಮುಖಕ್ಕೊಂದು, ಮೈಗೊಂದು.

ಮುಖದ್ದು ಹುಡುಕೋಕೆ ನನಗೆ ಆರು ತಿಂಗಳು ಹಿಡಿಯಿತು.

ಮೊದಲು ತಂದಿದ್ದು ಒಂದು ಜೆಲ್. ಹಚ್ಚಿದ್ದೇ ಗೊತ್ತಾಗಲ್ಲ, ಅಷ್ಟು ಹಗುರ. ಎಣ್ಣೆ ಚರ್ಮದವರಿಗೆ ಜೆಲ್ ಚೆನ್ನಾಗಿಯೇ ಹೊಂದುತ್ತೆ. ಆದರೆ ನನ್ನ ಕೆಲಸದಲ್ಲಿ ಬೆವರು ಜಾಸ್ತಿ. ಹಣೆಯಿಂದ ಬೆವರಿನ ಜೊತೆ ಇಳಿದು ಕಣ್ಣಿಗೆ ಹೋಯಿತು. ಓಟದ ಪಂದ್ಯ ನಡೀತಾ ಇತ್ತು, ನಾನು ಫಿನಿಶಿಂಗ್ ಗೆರೆ ಹತ್ತಿರ ಕಣ್ಣು ಬಿಡೋಕಾಗದೆ ನಿಂತಿದ್ದೆ. ಯಾರು ಮೊದಲು ಬಂದರು ಅಂತ ಪಕ್ಕದವರನ್ನ ಕೇಳಬೇಕಾಯಿತು. ಎವೊಬೆನ್‌ಝೋನ್ ಥರದ ಕೆಮಿಕಲ್ ಫಿಲ್ಟರ್ (ಯುವಿ ಕಿರಣ ಹೀರಿಕೊಳ್ಳುವ ರಾಸಾಯನಿಕ) ಇರುವ ಸನ್‌ಸ್ಕ್ರೀನ್ ಕಣ್ಣಿಗೆ ಹೋದರೆ ಹಲವರಿಗೆ ಹೀಗೆ ಉರಿಯುತ್ತೆ.

ಎರಡನೆಯದು ಝಿಂಕ್ ಆಕ್ಸೈಡ್ ಇದ್ದ ಕ್ರೀಮ್. ಇದನ್ನು ಮಿನರಲ್ ಸನ್‌ಸ್ಕ್ರೀನ್ ಅಂತಾರೆ. ಕಣ್ಣು ಉರಿಯಲಿಲ್ಲ, ಕೆಂಪಾಗಿದ್ದ ಚರ್ಮಕ್ಕೂ ಹಿತವಾಗಿತ್ತು. ಆದರೆ ನನ್ನ ಕಂದು ಬಣ್ಣದ ಮೇಲೆ ಎರಡು ಬೆರಳು ಹಚ್ಚಿದರೆ ಬೂದಿ ಬಳಿದ ಹಾಗೆ. "ಮಿಸ್, ಸುಣ್ಣ ಹಾರಿದೆ ಮುಖಕ್ಕೆ" ಅಂತ ಒಬ್ಬ ಹುಡುಗ ಪಾಪ ಕರ್ಚೀಫು ಕೊಡೋಕೆ ಬಂದ. ನಾಚಿಕೆಯಾಗಿ ಮಾರನೇ ದಿನದಿಂದ ಕಡಿಮೆ ಹಚ್ಚಿದೆ. ಅಲ್ಲಿಗೆ ಮತ್ತೆ ಅದೇ 0.3 ಗ್ರಾಂ ಕಥೆ.

ಮುಂದಿನ ಭೇಟಿಯಲ್ಲಿ ಡಾಕ್ಟರು ಒಂದು ಹೊಸ ವಿಷಯ ಹೇಳಿದರು. ಬಂಗು ಇದ್ದವರಿಗೆ ಯುವಿ ಕಿರಣ ಒಂದೇ ಅಲ್ಲ, ಕಣ್ಣಿಗೆ ಕಾಣುವ ಬೆಳಕು ಕೂಡ ಕಲೆಯನ್ನು ಗಾಢ ಮಾಡುತ್ತೆ. ಅದನ್ನು ತಡೆಯೋಕೆ ಬಣ್ಣ ಸೇರಿಸಿದ, ಅಂದರೆ ಟಿಂಟೆಡ್ ಸನ್‌ಸ್ಕ್ರೀನ್ ಬೇಕು. ಅದರಲ್ಲಿರುವ ಐರನ್ ಆಕ್ಸೈಡ್ ಆ ಬೆಳಕಿಗೆ ಅಡ್ಡ ನಿಲ್ಲುತ್ತೆ. ಅದೇ ಬಣ್ಣದಿಂದ ಬೂದಿ ಬಳಿದ ಹಾಗೆ ಕಾಣೋದೂ ತಪ್ಪುತ್ತೆ. ಮೆಡಿಕಲ್ ಶಾಪಿನ ಟ್ಯೂಬ್‌ಲೈಟ್ ಕೆಳಗೆ ಬಣ್ಣ ನೋಡಬೇಡಿ. ನಾನು ದವಡೆ ಹತ್ತಿರ ಸ್ವಲ್ಪ ಹಚ್ಚಿಕೊಂಡು, ಹೊರಗೆ ಬಂದು ಬಿಸಿಲಲ್ಲಿ ಮೊಬೈಲ್ ಕ್ಯಾಮೆರಾದಲ್ಲಿ ನೋಡಿ ಆರಿಸಿದೆ. ಈಗ ಎರಡು ವರ್ಷದಿಂದ ಅದೇ.

ಟ್ಯೂಬಿನ ಮೇಲೆ ನಾನು ನೋಡೋದು ಇಷ್ಟು. ಎಸ್‌ಪಿಎಫ್ 30 ಅಥವಾ ಮೇಲೆ. ಬ್ರಾಡ್ ಸ್ಪೆಕ್ಟ್ರಮ್ (ಯುವಿ-ಎ, ಯುವಿ-ಬಿ ಎರಡನ್ನೂ ತಡೆಯೋದು) ಅಂತ ಬರೆದಿರಬೇಕು. ಪಿಎ ಪಕ್ಕ ಮೂರೋ ನಾಲ್ಕೋ ಪ್ಲಸ್ ಗುರುತು. ಎಸ್‌ಪಿಎಫ್ ಮುಖ್ಯವಾಗಿ ಯುವಿ-ಬಿ ಲೆಕ್ಕ, ಪಿಎ ಅನ್ನೋದು ಯುವಿ-ಎ ಲೆಕ್ಕ. ಯುವಿ-ಎ ಮೋಡದಲ್ಲೂ ಬರುತ್ತೆ, ಕಾರಿನ ಪಕ್ಕದ ಗಾಜಿನೊಳಗೂ ಬರುತ್ತೆ, ಚರ್ಮದ ಆಳಕ್ಕೆ ಇಳಿಯುತ್ತೆ. ಬಂಗಿಗೆ ಎಸ್‌ಪಿಎಫ್ ಒಂದನ್ನೇ ನೋಡಿ ತಂದರೆ ಅರ್ಧ ಕೆಲಸ. ಪರಿಮಳ ಇಲ್ಲದ್ದೇ ತರ್ತೀನಿ. ಎಕ್ಸ್‌ಪೈರಿ ತಾರೀಕು ನೋಡ್ತೀನಿ.

ಇನ್ನು ಮೈಗೆ. ಇಲ್ಲಿ ಲೆಕ್ಕ ಬೇರೆ. ಇಡೀ ಮೈಗೆ ಒಂದು ಸಲಕ್ಕೆ ಸುಮಾರು 30 ಮಿಲಿ ಬೇಕು. ಮುಖದ 50 ಗ್ರಾಂ ಟ್ಯೂಬನ್ನು ಕೈಕಾಲಿಗೆ ಹಚ್ಚುತ್ತಾ ಹೋದರೆ ಒಂದು ವಾರವೂ ಬರಲ್ಲ. ಅದಕ್ಕೆ ಮೊದಲು ಬಟ್ಟೆ, ಆಮೇಲೆ ಕ್ರೀಮ್. ತುಂಬುತೋಳಿನ ಕಾಟನ್ ಜೆರ್ಸಿ ಹೊಲಿಸಿಕೊಂಡೆ, ಸುತ್ತ ಅಂಚಿರುವ ಟೋಪಿ ತಗೊಂಡೆ. ಮುಂದೆ ಮಾತ್ರ ಮೂತಿ ಇರುವ ಕ್ಯಾಪು ಕಿವಿಗೂ ಕತ್ತಿನ ಹಿಂದಕ್ಕೂ ನೆರಳು ಕೊಡಲ್ಲ. ಈಗ ಉಳಿದದ್ದು ಅಂಗೈ ಹಿಂಭಾಗ, ಕತ್ತು, ಕಿವಿಯಂಚು, ಪಾದ ಅಷ್ಟೇ. ಅದಕ್ಕೆ ದೊಡ್ಡ ಬಾಟಲಿಯ, ಕಡಿಮೆ ಬೆಲೆಯ, ವಾಟರ್ ರೆಸಿಸ್ಟೆಂಟ್ ಲೋಷನ್ ಸಾಕು. ಬಣ್ಣ ಬೇಡ, ಬಟ್ಟೆಗೆ ಮೆತ್ತುತ್ತೆ. ವಾಟರ್ ರೆಸಿಸ್ಟೆಂಟ್ ಅಂದರೆ ಇಡೀ ದಿನ ಅಂತಲ್ಲ. 40 ಅಥವಾ 80 ನಿಮಿಷ ಅಂತ ಕೆಲವು ಬಾಟಲಿ ಮೇಲೆ ಬರೆದೇ ಇರುತ್ತೆ. ಬೆವರು ಒರೆಸಿದ ಮೇಲೆ ಮತ್ತೆ ಹಚ್ಚಲೇಬೇಕು. ಸ್ಪ್ರೇ ಒಮ್ಮೆ ತಂದಿದ್ದೆ. ನಮ್ಮ ದುರ್ಗದ ಗಾಳಿ ನಿಮಗೆ ಗೊತ್ತಲ್ಲ, ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಅರ್ಧ ಸ್ಪ್ರೇ ಮೈದಾನಕ್ಕೇ ಹೋಯಿತು.

ಈ ಗಾಳಿಯಿಂದಲೇ ಇನ್ನೊಂದು ಮೋಸ ಆಗುತ್ತೆ. ಜುಲೈ, ಆಗಸ್ಟ್‌ನಲ್ಲಿ ಮೋಡ, ತಣ್ಣನೆ ಗಾಳಿ. ಸೆಖೆ ಇಲ್ಲ ಅಂದಮೇಲೆ ಬಿಸಿಲೂ ಇಲ್ಲ ಅಂದುಕೊಂಡು ನಾನು ಸನ್‌ಸ್ಕ್ರೀನ್ ಬಿಡ್ತಾ ಇದ್ದೆ. ಸೆಖೆ ಬೇರೆ, ಯುವಿ ಬೇರೆ. ನಮ್ಮಲ್ಲಿ ಸೂರ್ಯ ವರ್ಷಕ್ಕೆ ಎರಡು ಸಲ ನೆತ್ತಿಯ ಮೇಲೆ ನೇರಕ್ಕೆ ಬರ್ತಾನೆ: ಏಪ್ರಿಲ್ ಕೊನೆಯ ವಾರ ಒಮ್ಮೆ, ಆಗಸ್ಟ್ ಮಧ್ಯದಲ್ಲಿ ಇನ್ನೊಮ್ಮೆ. ಅಂದರೆ ಸ್ವಾತಂತ್ರ್ಯ ದಿನದ ಪೆರೇಡ್ ಪ್ರಾಕ್ಟೀಸಿಗೆ ಮಕ್ಕಳನ್ನು ನಿಲ್ಲಿಸುವ ಹೊತ್ತಿಗೇ. ಮಧ್ಯಾಹ್ನ ಹನ್ನೆರಡೂವರೆ ಸುಮಾರಿಗೆ ಧ್ವಜಕಂಬದ ನೆರಳು ಬುಡದಲ್ಲೇ ಮುದುಡಿಕೊಂಡಿರುತ್ತೆ. ನನ್ನ ಗುರುತು ಇದು: ನನ್ನ ನೆರಳು ನನಗಿಂತ ಗಿಡ್ಡ ಇದ್ದರೆ ಸನ್‌ಸ್ಕ್ರೀನ್ ಹಚ್ಚಿಯೇ ಹೊರಗೆ.

ಬಟ್ಟೆ ವಿಷಯ ಹೇಳಲೇಬೇಕು. ಬಿಳಿ ಟೀಶರ್ಟಿನ ಕಾಲರ್ ತೊಳೆದ ಮೇಲೆ ತುಕ್ಕಿನ ಬಣ್ಣಕ್ಕೆ ತಿರುಗುತ್ತಿತ್ತು. ಬೆವರಿನ ಕಲೆ ಅಂದುಕೊಂಡು ಬ್ಲೀಚ್ ಹಾಕಿದೆ, ಇನ್ನೂ ಹೆಚ್ಚಾಯಿತು. ಎವೊಬೆನ್‌ಝೋನ್ ಇದ್ದ ಲೋಷನ್ ನೀರಲ್ಲಿರುವ ಕಬ್ಬಿಣದ ಜೊತೆ ಸೇರಿದರೆ ಹೀಗಾಗುತ್ತೆ. ನಮ್ಮದು ಬೋರ್‌ವೆಲ್ ನೀರು. ಈಗ ಲೋಷನ್ ಹಚ್ಚಿ ಕಾಲು ಗಂಟೆ ಆರಲು ಬಿಟ್ಟು ಬಟ್ಟೆ ಹಾಕ್ಕೋತೀನಿ. ಕಲೆ ಆದರೆ ತೊಳೆಯುವ ಮೊದಲು ನಿಂಬೆರಸ ಹಿಂಡಿ ಉಜ್ಜುತ್ತೇನೆ. ಹೊಸ ಕಲೆ ಹೋಗುತ್ತೆ, ಹಳೇದು ಮಸುಕಾಗುತ್ತೆ. ಬಾಟಲಿಯನ್ನ ಸ್ಕೂಟಿ ಡಿಕ್ಕಿಯಲ್ಲಿ ಇಡ್ತಿದ್ದೆ, ಅದನ್ನೂ ಬಿಟ್ಟೆ. ಆ ಕಾವಿಗೆ ಲೋಷನ್ ನೀರು ಬೇರೆ, ಎಣ್ಣೆ ಬೇರೆ ಆಗಿತ್ತು.

ಹೊಸ ಟ್ಯೂಬು ಒಡೆದ ದಿನ ಅದರ ಮೇಲೆ ಮಾರ್ಕರ್‌ನಲ್ಲಿ ತಾರೀಕು ಬರೀತೀನಿ. ಬೆಳಿಗ್ಗೆ ಒಮ್ಮೆ, ಹನ್ನೊಂದರ ಬಿಡುವಿನಲ್ಲಿ ಒಮ್ಮೆ. ಈ ಲೆಕ್ಕಕ್ಕೆ 50 ಗ್ರಾಂ ಹೆಚ್ಚುಕಡಿಮೆ 23 ದಿನಕ್ಕೆ ಮುಗಿಯಬೇಕು. ತಿಂಗಳು ದಾಟಿತು ಅಂದರೆ ನಾನೆಲ್ಲೋ ಕೈ ಬಿಗಿ ಮಾಡಿದ್ದೀನಿ. ಬಂಗು ಪೂರ್ತಿ ಹೋಗಿಲ್ಲ. ತೆಳುವಾಗಿದೆ, ಅಂಚು ಮಸುಕಾಗಿದೆ. ಒಂದು ಮದುವೆ ಸೀಸನ್ ಉದಾಸೀನ ಮಾಡಿದರೆ ಮತ್ತೆ ಏಳುತ್ತೆ ಅಂತಲೂ ಗೊತ್ತಾಗಿದೆ.

ಹೆಣ್ಣುಮಕ್ಕಳು ಕೇಳ್ತಾರೆ, "ಮಿಸ್, ಅದು ಹಚ್ಚಿದ್ರೆ ಬೆಳ್ಳಗಾಗ್ತೀವಾ?" ಇಲ್ಲ ಕಣ್ರೇ, ಸುಡದೇ ಇರ್ತೀರ ಅಷ್ಟೇ, ನಿಮ್ಮ ಬಣ್ಣ ನಿಮಗೆ ಚೆನ್ನಾಗಿದೆ ಅಂತೀನಿ. ಆ ಮಕ್ಕಳ ಮನೆಗೆ ತಿಂಗಳಿಗೆ 500 ರೂಪಾಯಿ ಟ್ಯೂಬು ತನ್ನಿ ಅಂತ ನಾನು ಹೇಗೆ ಹೇಳಲಿ? ನನ್ನ ಕೈಲಿದ್ದದ್ದು ಟೈಮ್‌ಟೇಬಲ್. ಎಂಟನೇ ಕ್ಲಾಸಿನ ಪಿಟಿ ಪಿರಿಯಡ್ 12 ಗಂಟೆಗಿತ್ತು. ಹೆಡ್‌ಮಾಸ್ಟರ್ ಹತ್ತಿರ ಕೂತು ಮಾತಾಡಿ, ಅದನ್ನು ಕೊನೆಯ ಪಿರಿಯಡ್‌ಗೆ ಹಾಕಿಸಿದೆ. ಈಗ ಅವರು ಖೋಖೋ ಆಡುವ ಹೊತ್ತಿಗೆ ಬೇವಿನಮರದ ನೆರಳು ಅರ್ಧ ಅಂಕಣಕ್ಕೆ ಬಂದಿರುತ್ತೆ.